ಬಣ್ಣ ಬಯಲು ಮಾಡಿದ ಕರುಳಿನ ಗುಟ್ಟು

ಹೊಟ್ಟೆಯ ಬೇನೆಗಳಿಗೆ ಹೆಸರಿಡುವುದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ. ಹೊಟ್ಟೆ ಉಬ್ಬರ, ಹೊಟ್ಟೆ ಕಡಿತ, ಆಮಶಂಕೆ, ಉಷ್ಣ, ಮೂಲವ್ಯಾಧಿ ಹೀಗೆ ಒಂದೊಂದಕ್ಕೂ ಒಂದು ಹೆಸರು, ಒಂದು ಮನೆಮದ್ದು. ಆದರೆ ಮಲದಲ್ಲಿ ರಕ್ತ ಕಂಡಾಗ ಮಾತ್ರ ಬಾಗಲಕೋಟೆಯಿಂದ ಬಾದಾಮಿಯವರೆಗೆ, ಹುನಗುಂದದಿಂದ ಇಳಕಲ್‌ವರೆಗೆ ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: ‘ಮೂಲವ್ಯಾಧಿ ಇರಬೇಕು, ಉಷ್ಣ ಆಗೇತಿ, ಮಜ್ಜಿಗಿ ಕುಡೀರಿ.’ ಬಹಳ ಸಲ ಅದು ನಿಜವೂ ಹೌದು. ನಿಜವಲ್ಲದ ಕೆಲವು ಸಲಗಳೇ ಈ ಲೇಖನದ ವಿಷಯ.

ದೊಡ್ಡ ಕರುಳು ಮತ್ತು ಅದರ ಕೊನೆಯ ಭಾಗವಾದ ಗುದನಾಳದಲ್ಲಿ ಬೆಳೆಯುವ ಕ್ಯಾನ್ಸರ್ ಇಂದು ಜಗತ್ತಿನಲ್ಲಿ ಮೂರನೆಯ ಅತಿ ಸಾಮಾನ್ಯ ಕ್ಯಾನ್ಸರ್. ಸಾವಿನ ಲೆಕ್ಕದಲ್ಲಿ ಎರಡನೆಯದು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ಒಂದೇ ವರ್ಷ ಸುಮಾರು 19 ಲಕ್ಷ ಜನರಿಗೆ ಈ ರೋಗ ಹೊಸದಾಗಿ ಬಂದಿತು, 9 ಲಕ್ಷ ಜನ ತೀರಿಕೊಂಡರು. ಭಾರತದ ಪಾಲು ಸುಮಾರು 70 ಸಾವಿರ. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ಇದು ಕಡಿಮೆಯೇ. ಒಂದು ಲಕ್ಷ ಜನರಲ್ಲಿ ನಮ್ಮಲ್ಲಿ ಸುಮಾರು ಐದು ಮಂದಿಗೆ ಬಂದರೆ ನಾರ್ವೆ, ಡೆನ್ಮಾರ್ಕಿನಂಥ ದೇಶಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಗೆ ಬರುತ್ತದೆ. ಹಾಗೆಂದು ಸಮಾಧಾನ ಪಡುವಂತಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2017ರಲ್ಲಿ ಪ್ರಕಟಿಸಿದ ಸುಮಾರು 800 ರೋಗಿಗಳ ಅಧ್ಯಯನದಲ್ಲಿ ರೋಗಿಗಳ ಸರಾಸರಿ ವಯಸ್ಸು ಕೇವಲ 47. ಪಶ್ಚಿಮದ ದೇಶಗಳಲ್ಲಿ ಇದು ಅರವತ್ತು ದಾಟಿದವರ ರೋಗವೆಂದೇ ಹೆಸರಾಗಿತ್ತು.

ಈ ಕ್ಯಾನ್ಸರಿಗೆ ಇನ್ನೊಂದು ವೈಶಿಷ್ಟ್ಯವಿದೆ. ಆರೋಗ್ಯವಂತ ಅಂಗಾಂಶ ಹೆಜ್ಜೆ ಹೆಜ್ಜೆಯಾಗಿ ಕ್ಯಾನ್ಸರಾಗಿ ಹೇಗೆ ಬದಲಾಗುತ್ತದೆ ಎಂಬುದನ್ನು ವಿಜ್ಞಾನ ಮೊದಲು ಸ್ಪಷ್ಟವಾಗಿ ಕಂಡುಕೊಂಡದ್ದು ಕರುಳಿನಲ್ಲಿಯೇ. ಆ ದಾರಿ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಉದ್ದ. ಪ್ರತಿ ಹೆಜ್ಜೆಯಲ್ಲಿ ಒಂದು ಪ್ರೋಟೀನು ಕಾಣೆಯಾಗುತ್ತದೆ, ಇಲ್ಲವೇ ಇರಬಾರದ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರಕೃತಿ ನಮಗೆ ಕೊಡುವ ಈ ಹತ್ತು ವರ್ಷಗಳ ವಾಯಿದೆಯನ್ನು ನಾವು ಸಂಕೋಚದಿಂದ, ಮೌನದಿಂದ ಕಳೆದುಬಿಡುತ್ತೇವೆ ಎಂಬುದೇ ದುರಂತ.

ಏಡಿ, ಅರ್ಬುದ, ಅರ್ಶಸ್ಸು

ಗುದದ ರೋಗಗಳನ್ನು ನಮ್ಮ ಪ್ರಾಚೀನರು ಹಗುರವಾಗಿ ಕಂಡಿರಲಿಲ್ಲ. ಸುಶ್ರುತ ಸಂಹಿತೆ ಎಂಟು ಮಹಾರೋಗಗಳನ್ನು ಪಟ್ಟಿ ಮಾಡುವಾಗ ಅರ್ಶಸ್ಸನ್ನು, ಅಂದರೆ ಮೂಲವ್ಯಾಧಿಯನ್ನು, ಅದರಲ್ಲಿ ಸೇರಿಸಿದೆ. ಮೈಯಲ್ಲಿ ಬೆಳೆಯುವ ಗಡ್ಡೆಗೆ ‘ಅರ್ಬುದ’ವೆಂಬ ಹೆಸರೂ ಅಲ್ಲಿದೆ. ಅತ್ತ ಗ್ರೀಸಿನಲ್ಲಿ ಹಿಪೊಕ್ರೆಟಿಸನ ಪರಂಪರೆಯವರು ಗಡ್ಡೆಯನ್ನು ಏಡಿಗೆ ಹೋಲಿಸಿದರು. ಅದರಿಂದಲೇ ‘ಕ್ಯಾನ್ಸರ್’ ಎಂಬ ಪದ ಬಂತು, ಕನ್ನಡದಲ್ಲಿ ‘ಏಡಿಗಂತಿ’ಯಾಯಿತು.

ಆದರೆ ಆ ಕಾಲದ ವೈದ್ಯ ನೋಡಬಹುದಾಗಿದ್ದುದು ಕಣ್ಣಿಗೆ ಕಾಣುವುದನ್ನು, ಬೆರಳಿಗೆ ತಾಗುವುದನ್ನು ಮಾತ್ರ. ಸುಮಾರು ಐದು ಅಡಿ ಉದ್ದದ ದೊಡ್ಡ ಕರುಳಿನ ಒಳಗೋಡೆಯಲ್ಲಿ ಏನು ನಡೆಯುತ್ತಿದೆ ಎಂಬುದು ಸಾವಿರಾರು ವರ್ಷ ಕತ್ತಲೆಯಲ್ಲೇ ಉಳಿಯಿತು. ಆ ಕತ್ತಲೆಗೆ ಬೆಳಕು ಬಂದದ್ದು ವೈದ್ಯರ ಮನೆಯಿಂದಲ್ಲ. ಅದು ಬಂದದ್ದು ಬಟ್ಟೆಗೆ ಬಣ್ಣ ಹಾಕುವವರ ಮನೆಯಿಂದ.

ಬಣ್ಣಗಾರರ ಕೊಡುಗೆ

ಇಳಕಲ್ ಸೀರೆಯ ಊರು. ದಾಳಿಂಬೆ ಕೆಂಪು, ನವಿಲು ಹಸಿರು, ಗಿರಿಕುಂಕುಮ ಇವೆಲ್ಲ ಅಲ್ಲಿಯ ಮನೆಮಾತು. ನೂಲಿಗೆ ಬಣ್ಣ ಹಾಕುವವರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು: ಎಲ್ಲ ಬಣ್ಣ ಎಲ್ಲ ನೂಲನ್ನೂ ಹಿಡಿಯುವುದಿಲ್ಲ. ಹತ್ತಿ ಹಿಡಿದ ಬಣ್ಣವನ್ನು ರೇಷ್ಮೆ ಹಿಡಿಯದೆ ಇರಬಹುದು. ಪಟಿಕದಂಥ ವಸ್ತು ಸೇರಿದರೆ ಮಾತ್ರ ಕೆಲವು ಬಣ್ಣ ನಿಲ್ಲುತ್ತವೆ. ಇದೇ ಸತ್ಯ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಪ್ರಯೋಗಶಾಲೆಗಳನ್ನು ಪ್ರವೇಶಿಸಿತು.

ಮೆಕ್ಸಿಕೊ ಕಡೆಯ ಲಾಗ್‌ವುಡ್ ಎಂಬ ಮರದ ತಿರುಳಿನಿಂದ ತೆಗೆದ ಬಣ್ಣವನ್ನು ಯುರೋಪಿನ ನೇಕಾರರು ಬಹುಕಾಲದಿಂದ ಬಟ್ಟೆಗೆ ಕಪ್ಪು, ನೇರಳೆ ಬಣ್ಣ ಕೊಡಲು ಬಳಸುತ್ತಿದ್ದರು. ಅದರ ಸಾರವಾದ ಹೆಮಟಾಕ್ಸಿಲಿನ್ ಅನ್ನು ಬೋಮರ್ ಎಂಬ ವಿಜ್ಞಾನಿ 1865ರಲ್ಲಿ ಪಟಿಕದೊಡನೆ ಬೆರೆಸಿ ಅಂಗಾಂಶದ ತೆಳುಪದರಿಗೆ ಹಾಕಿದಾಗ ಜೀವಕೋಶದ ನಡುಬೀಜ ನೀಲಿಯಾಗಿ ಎದ್ದು ಕಂಡಿತು. ಇದಕ್ಕೆ ಮೊದಲು, 1856ರಲ್ಲಿ, ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಮಲೇರಿಯಾಕ್ಕೆ ಮದ್ದು ಮಾಡಲು ಹೋಗಿ ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದಿದ್ದ. ಅವನ ಹಿಂದೆಯೇ ಬಣ್ಣದ ಕಾರ್ಖಾನೆಗಳು ಎದ್ದವು. ಅರುಣೋದಯದ ಗ್ರೀಕ್ ಹೆಸರನ್ನು ಹೊತ್ತ ‘ಇಯೊಸಿನ್’ ಎಂಬ ಗುಲಾಬಿ ಬಣ್ಣ ಬಂದದ್ದೂ ಅಂಥ ಕಾರ್ಖಾನೆಯಿಂದಲೇ. 1876ರ ಹೊತ್ತಿಗೆ ಈ ನೀಲಿ ಮತ್ತು ಗುಲಾಬಿ ಜೋಡಿಯಾದವು. ಇಂದಿಗೂ ಜಗತ್ತಿನ ಯಾವುದೇ ಪೆಥಾಲಜಿ ಪ್ರಯೋಗಶಾಲೆಗೆ ಗಡ್ಡೆಯ ಚೂರು ಹೋದರೆ ಮೊದಲು ಹಾಕುವುದು ಇದೇ ಜೋಡಿ ಬಣ್ಣ.

ಈ ಬಣ್ಣಗಳ ನೆರವಿನಿಂದಲೇ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ 1932ರಲ್ಲಿ ಗುದನಾಳದ ಕ್ಯಾನ್ಸರನ್ನು ಹಂತಗಳಾಗಿ ವಿಂಗಡಿಸಿದರು. ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದರೆ ಒಂದು ಹಂತ, ಗೋಡೆ ದಾಟಿದರೆ ಇನ್ನೊಂದು, ಅಕ್ಕಪಕ್ಕದ ಹಾಲ್ರಸದ ಗಂಟುಗಳಿಗೆ ಹರಡಿದರೆ ಮತ್ತೊಂದು. ಯಾವ ರೋಗಿ ಬದುಕುತ್ತಾನೆ, ಯಾರ ಸ್ಥಿತಿ ಕಠಿಣ ಎಂದು ಅಂದಾಜು ಹೇಳಲು ಇದರಿಂದ ಸಾಧ್ಯವಾಯಿತು. ಆದರೆ ನೀಲಿ, ಗುಲಾಬಿ ಬಣ್ಣಗಳು ಕೋಶದ ಆಕಾರವನ್ನಷ್ಟೇ ತೋರಿಸುತ್ತಿದ್ದವು. ಕೋಶ ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿರಲಿಲ್ಲ.

ಬಾದಾಮಿಯ ಬಂಡೆ ಕಲಿಸುವ ಪಾಠ

ಉತ್ತರ ಇದ್ದದ್ದು ಪ್ರೋಟೀನುಗಳಲ್ಲಿ. ಪ್ರೋಟೀನು ಎಂದೊಡನೆ ಬೇಳೆಕಾಳು, ಹಾಲು, ಮೊಟ್ಟೆ ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ತಿನ್ನುವ ಪ್ರೋಟೀನಲ್ಲ. ಪ್ರತಿಯೊಂದು ಜೀವಕೋಶ ತನ್ನೊಳಗೆ ತಾನೇ ತಯಾರಿಸಿಕೊಳ್ಳುವ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಕೋಶ ಬೆಳೆಯಬೇಕೋ ನಿಲ್ಲಬೇಕೋ, ಒಡೆದು ಎರಡಾಗಬೇಕೋ ಸಾಯಬೇಕೋ ಎಂಬುದನ್ನು ನಡೆಸುವ ಆಳುಗಳು ಇವೇ.

ಆಳುಗಳಿಗೆ ಆಜ್ಞೆ ಬರುವುದು ವಂಶವಾಹಿಗಳಿಂದ, ಅಂದರೆ ಜೀನುಗಳಿಂದ. ಇದನ್ನು ಅರ್ಥ ಮಾಡಿಕೊಳ್ಳಲು ಬಾದಾಮಿಗೆ ಹೋಗಬಹುದು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿಯ ಬಂಡೆಯ ಮೇಲಿದೆ. ತ್ರಿಪದಿಯ ಪ್ರಾಚೀನ ಮಾದರಿಯೆಂದು ಕನ್ನಡಿಗರೆಲ್ಲ ಬಲ್ಲ ಕಪ್ಪೆ ಅರಭಟ್ಟನ ಶಾಸನವೂ ಅಲ್ಲಿಯೇ ಇದೆ. ಶಾಸನ ಬಂಡೆಯ ಮೇಲೆ ಇದ್ದರೆ ಸಾಲದು. ಅದನ್ನು ಓದುವವರು ಬೇಕು, ಓದಿ ಅದರಂತೆ ನಡೆಯುವವರು ಬೇಕು. ಜೀನು ಎಂಬುದು ಶಾಸನ. ಆ ಶಾಸನವನ್ನು ಓದಿ ಕೋಶ ಪ್ರೋಟೀನನ್ನು ತಯಾರಿಸುವ ಕ್ರಿಯೆಯನ್ನೇ ವಿಜ್ಞಾನಿಗಳು ‘ಅಭಿವ್ಯಕ್ತಿ’ ಎನ್ನುತ್ತಾರೆ.

ನಮ್ಮ ಕಣ್ಣಿನ ಕೋಶದಲ್ಲಿಯೂ ಕರುಳಿನ ಕೋಶದಲ್ಲಿಯೂ ಇರುವ ಶಾಸನಗಳು ಒಂದೇ, ಸುಮಾರು ಇಪ್ಪತ್ತು ಸಾವಿರ. ಆದರೆ ಕಣ್ಣು ಓದುವ ಶಾಸನಗಳೇ ಬೇರೆ, ಕರುಳು ಓದುವ ಶಾಸನಗಳೇ ಬೇರೆ. ಆದ್ದರಿಂದಲೇ ಕಣ್ಣು ಕಣ್ಣಾಗಿದೆ, ಕರುಳು ಕರುಳಾಗಿದೆ. ಶಾಸನ ಎರಡು ಬಗೆಯಲ್ಲಿ ಕೆಡಬಹುದು. ಒಂದು, ಅಕ್ಷರವೇ ತಪ್ಪಾಗಿ ಕೆತ್ತಲ್ಪಡುವುದು. ಇನ್ನೊಂದು, ಅಕ್ಷರವೆಲ್ಲ ಸರಿಯಿದ್ದರೂ ಮೇಲೆ ಸುಣ್ಣ ಬಳಿದುಬಿಟ್ಟು ಯಾರೂ ಓದಲಾಗದಂತೆ ಆಗುವುದು. ನಮ್ಮ ಹಳೆಯ ಗುಡಿಗಳಲ್ಲಿ ಎರಡನ್ನೂ ಕಾಣುತ್ತೇವೆ. ಕರುಳಿನ ಕ್ಯಾನ್ಸರಿನಲ್ಲಿಯೂ ಎರಡೂ ನಡೆಯುತ್ತವೆ.

ಪ್ರೋಟೀನು ಕಣ್ಣಿಗೆ ಕಂಡ ಬಗೆ

ಯಾವ ಪ್ರೋಟೀನು ಇದೆ, ಯಾವುದು ಇಲ್ಲ ಎಂದು ನೋಡುವುದು ಹೇಗೆ? ಇಲ್ಲಿಯೂ ಬಣ್ಣವೇ ಕೈಹಿಡಿಯಿತು. ರೋಗಾಣು ಹೊಕ್ಕಾಗ ನಮ್ಮ ರಕ್ತ ಪ್ರತಿಕಾಯಗಳನ್ನು ತಯಾರಿಸುತ್ತದೆ. ಪ್ರತಿಕಾಯ ತನ್ನ ಗುರಿಯನ್ನು ಬಿಟ್ಟು ಬೇರೆಯದಕ್ಕೆ ಅಂಟುವುದು ಅಪರೂಪ. 1941ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ಕಳಿಸುವ ಉಪಾಯ ಹೂಡಿದರು. 1960ರ ದಶಕದಲ್ಲಿ ಹೊಳಪಿನ ಬದಲು ಕಂದು ಬಣ್ಣ ಮೂಡಿಸುವ ವಿಧಾನ ಬಂತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿ 1984ರಲ್ಲಿ ನೊಬೆಲ್ ಬಹುಮಾನ ಪಡೆದರು. ಅಲ್ಲಿಂದ ಮುಂದೆ ಸೂಕ್ಷ್ಮದರ್ಶಕದ ಕೆಳಗೆ ಪ್ರೋಟೀನು ಇದ್ದಲ್ಲಿ ಕಂದು ಬಣ್ಣ, ಇಲ್ಲದಲ್ಲಿ ಖಾಲಿ ಎಂದು ವೈದ್ಯರು ನೇರವಾಗಿ ನೋಡುವಂತಾಯಿತು.

ಈ ನಡುವೆ 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಕ್ಯಾನ್ಸರಿನಲ್ಲಿ ಒಂದು ವಿಚಿತ್ರ ಪ್ರೋಟೀನನ್ನು ಕಂಡಿದ್ದರು. ಅದು ತಾಯಿಯ ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲಿ ಹೇರಳವಾಗಿರುತ್ತದೆ, ಹುಟ್ಟಿದ ಮೇಲೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಕ್ಯಾನ್ಸರ್ ಬಂದಾಗ ಮತ್ತೆ ತಲೆಯೆತ್ತುತ್ತದೆ. ಮುಚ್ಚಿಟ್ಟ ಹಳೆಯ ಶಾಸನವನ್ನು ಯಾರೋ ಮತ್ತೆ ಓದತೊಡಗಿದಂತೆ! ‘ಸಿ.ಇ.ಎ.’ ಎಂಬ ಈ ಪ್ರೋಟೀನಿನ ರಕ್ತಪರೀಕ್ಷೆ ಇಂದು ಬಾಗಲಕೋಟೆಯಂಥ ಊರುಗಳಲ್ಲಿಯೂ ಸಿಗುತ್ತದೆ. ಶಸ್ತ್ರಚಿಕಿತ್ಸೆಯಾದ ರೋಗಿಗೆ ರೋಗ ಮರುಕಳಿಸಿತೇ ಎಂದು ನೋಡಲು ಅದು ಉಪಯುಕ್ತ. ಆದರೆ ಅದೊಂದನ್ನೇ ನಂಬಿ ‘ಕ್ಯಾನ್ಸರ್ ಇದೆ’ ಅಥವಾ ‘ಇಲ್ಲ’ ಎನ್ನಲಾಗದು. ಬೀಡಿ ಸಿಗರೇಟು ಸೇದುವವರಲ್ಲಿ ಅದು ಸುಮ್ಮನೆಯೂ ಏರಿರುತ್ತದೆ. ಆರಂಭದ ಕ್ಯಾನ್ಸರಿನಲ್ಲಿ ಏರದೆಯೂ ಇರುತ್ತದೆ.

ಹೆಜ್ಜೆ ಹೆಜ್ಜೆಯಾಗಿ ಕೆಡುವ ಕೋಶ

ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಹಳೆಯ ಕೋಶ ಉದುರಿ ಹೋಗುತ್ತದೆ, ಕೆಳಗಿನಿಂದ ಹೊಸದು ಮೇಲೇರುತ್ತದೆ. ಇಷ್ಟೊಂದು ಹೊಸ ಕೋಶಗಳ ನಡುವೆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಕಾವಲುಗಾರ ಪ್ರೋಟೀನಿನ ಹೆಸರು ಎ.ಪಿ.ಸಿ. ಬೀಟಾ ಕೆಟೆನಿನ್ ಎಂಬ ಇನ್ನೊಂದು ಪ್ರೋಟೀನು ಕೋಶದ ನಡುಬೀಜಕ್ಕೆ ನುಗ್ಗಿ ‘ಬೆಳೆ, ಬೆಳೆ’ ಎಂದು ಒತ್ತಾಯಿಸದಂತೆ ಅದನ್ನು ಹಿಡಿದು ನಾಶಕ್ಕೆ ಒಪ್ಪಿಸುವುದು ಎ.ಪಿ.ಸಿ.ಯ ಕೆಲಸ. ಕೆಲವು ಮನೆತನಗಳಲ್ಲಿ ಹರೆಯದಲ್ಲಿಯೇ ಕರುಳಿನ ತುಂಬ ನೂರಾರು ಮೊಳಕೆಯಂಥ ಗಂಟುಗಳು ಏಳುವುದನ್ನು ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಆ ಮನೆತನಗಳ ಜಾಡು ಹಿಡಿದು ಹೊರಟ ಅಮೆರಿಕ ಮತ್ತು ಜಪಾನಿನ ವಿಜ್ಞಾನಿಗಳು 1991ರಲ್ಲಿ ಎ.ಪಿ.ಸಿ. ಜೀನನ್ನು ಕಂಡುಹಿಡಿದರು. ಮನೆತನದ ದೋಷವಿಲ್ಲದ ಸಾಮಾನ್ಯ ರೋಗಿಗಳಲ್ಲಿಯೂ ಹತ್ತರಲ್ಲಿ ಸುಮಾರು ಎಂಟು ಕ್ಯಾನ್ಸರುಗಳಲ್ಲಿ ಇದೇ ಜೀನು ಕೆಟ್ಟಿರುವುದು ಮುಂದೆ ತಿಳಿಯಿತು. ಎ.ಪಿ.ಸಿ. ಕೆಟ್ಟ ಕೋಶಕ್ಕೆ ಬಣ್ಣ ಹಾಕಿ ನೋಡಿದರೆ, ಅಂಚಿನಲ್ಲಿ ಇರಬೇಕಾದ ಬೀಟಾ ಕೆಟೆನಿನ್ ನಡುಬೀಜದಲ್ಲಿ ಬಂದು ಕುಳಿತಿರುತ್ತದೆ.

ಇದು ಮೊದಲ ಹೆಜ್ಜೆ. ಕರುಳಿನ ಗೋಡೆಯ ಮೇಲೆ ಒಂದು ಚಿಕ್ಕ ಗಂಟು ಏಳುತ್ತದೆ. ವೈದ್ಯರು ಅದನ್ನು ಪಾಲಿಪ್ ಎನ್ನುತ್ತಾರೆ. ಅದು ಕ್ಯಾನ್ಸರಲ್ಲ; ಎಲ್ಲ ಪಾಲಿಪ್‌ಗಳು ಕ್ಯಾನ್ಸರ್ ಆಗುವುದೂ ಇಲ್ಲ. ಮುಂದೆ ಕೆ-ರಾಸ್ ಎಂಬ ಪ್ರೋಟೀನು ಕೆಟ್ಟು, ಒತ್ತಿದ ಗುಂಡಿ ಮೇಲೇಳದಂತೆ ಸದಾ ಬೆಳವಣಿಗೆಯ ಸೂಚನೆ ಕೊಡುತ್ತಿದ್ದರೆ ಗಂಟು ದೊಡ್ಡದಾಗುತ್ತದೆ. ಕೊನೆಗೆ ಪಿ53 ಎಂಬ ಪ್ರೋಟೀನು ಕೈಕೊಡುತ್ತದೆ. ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ, ಸರಿಹೋಗದಿದ್ದರೆ ಸಾಯಿಸುವ ಅಧಿಕಾರಿ ಅದು.

ಪಿ53ರ ಕಥೆ ಸ್ವಾರಸ್ಯಕರ. 1979ರಲ್ಲಿ ಅದನ್ನು ಕಂಡುಹಿಡಿದಾಗ ವಿಜ್ಞಾನಿಗಳು ಅದನ್ನೇ ಕ್ಯಾನ್ಸರಿಗೆ ಕಾರಣನೆಂದು ತಿಳಿದರು. ಗಡ್ಡೆಗಳಲ್ಲಿ ಅದು ರಾಶಿ ರಾಶಿಯಾಗಿ ಕಾಣುತ್ತಿದ್ದುದೇ ಇದಕ್ಕೆ ಕಾರಣ. ಹತ್ತು ವರ್ಷ ಕಳೆದು 1989ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಬರ್ಟ್ ವೋಗೆಲ್‌ಸ್ಟೀನ್ ತಂಡ ಕರುಳಿನ ಕ್ಯಾನ್ಸರುಗಳನ್ನೇ ಪರೀಕ್ಷಿಸಿ ನಿಜ ತಿಳಿಸಿತು. ಕಳ್ಳನೆಂದು ತಿಳಿದವನು ವಾಸ್ತವವಾಗಿ ಪೊಲೀಸನಾಗಿದ್ದ! ಕೆಟ್ಟ ಪಿ53 ಕರಗದೆ ಕೋಶದಲ್ಲಿ ಕೂಡಿಕೊಳ್ಳುತ್ತಿದ್ದುದರಿಂದ ಹೆಚ್ಚಾಗಿ ಕಾಣುತ್ತಿತ್ತು ಅಷ್ಟೆ. ಒಂದು ಪ್ರೋಟೀನು ಹೆಚ್ಚು ಕಂಡ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದರ್ಥವಲ್ಲ ಎಂಬ ಪಾಠ ವಿಜ್ಞಾನಕ್ಕೆ ಹೀಗೆ ಸಿಕ್ಕಿತು.

1990ರಲ್ಲಿ ಎರಿಕ್ ಫಿಯರಾನ್ ಮತ್ತು ವೋಗೆಲ್‌ಸ್ಟೀನ್ ಈ ಹೆಜ್ಜೆಗಳನ್ನೆಲ್ಲ ಒಂದು ದಾರಿಯಾಗಿ ಜೋಡಿಸಿ ಪ್ರಕಟಿಸಿದರು. ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಎರಗುವ ಸಿಡಿಲಲ್ಲ, ವರ್ಷಗಟ್ಟಲೆ ಒಂದರ ಮೇಲೊಂದು ಕೂಡುವ ತಪ್ಪುಗಳ ಮೊತ್ತ ಎಂಬ ತಿಳಿವಳಿಕೆ ಬೇರೆ ಕ್ಯಾನ್ಸರುಗಳ ಅಧ್ಯಯನಕ್ಕೂ ದಾರಿದೀಪವಾಯಿತು.

ಹೊಲಿಗೆ ಕೆಲಸದವಳ ಭವಿಷ್ಯವಾಣಿ

ಇನ್ನೊಂದು ದಾರಿಯ ಕಥೆ ಇನ್ನೂ ಹಳೆಯದು. 1895ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ಡಾ. ಆಲ್ಡ್ರೆಡ್ ವಾರ್ಥಿನ್ ಅವರಲ್ಲಿ ತನ್ನ ಚಿಂತೆ ತೋಡಿಕೊಂಡಳು. ತನ್ನ ಮನೆತನದಲ್ಲಿ ಒಬ್ಬರ ಹಿಂದೊಬ್ಬರು ಹೊಟ್ಟೆ, ಕರುಳು ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದ ಹೋಗಿದ್ದಾರೆ, ತಾನೂ ಹಾಗೆಯೇ ಹೋಗುತ್ತೇನೆ ಎಂಬುದು ಅವಳ ಮಾತು. ವಾರ್ಥಿನ್ ಅದನ್ನು ಹೆಣ್ಣಿನ ಅಂಜಿಕೆ ಎಂದು ತಳ್ಳಿಹಾಕದೆ ಮನೆತನದ ವಂಶವೃಕ್ಷವನ್ನೇ ಬರೆದು 1913ರಲ್ಲಿ ಪ್ರಕಟಿಸಿದರು. ಅವಳ ಮಾತು ಸುಳ್ಳಾಗಲಿಲ್ಲ. ಮುಂದೆ ಅವಳು ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಳು. 1966ರಲ್ಲಿ ಡಾ. ಹೆನ್ರಿ ಲಿಂಚ್ ಇಂಥವೇ ಬೇರೆ ಮನೆತನಗಳನ್ನು ಗುರುತಿಸಿದರು. ಈಗ ಈ ರೋಗಕ್ಕೆ ಅವರದೇ ಹೆಸರಿದೆ.

ಕಾರಣ ತಿಳಿದದ್ದು 1993 ಮತ್ತು 1994ರಲ್ಲಿ. ಮಗ್ಗದಲ್ಲಿ ಎಳೆ ಹರಿದರೆ ಇಳಕಲ್‌ನ ನೇಕಾರ ಕೈ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿಯೇ ಮುಂದುವರಿಯುತ್ತಾನೆ. ಕೋಶ ಎರಡಾಗುವಾಗ ಡಿ.ಎನ್.ಎ.ಯ ಮುನ್ನೂರು ಕೋಟಿ ಅಕ್ಷರಗಳನ್ನು ನಕಲು ಮಾಡಬೇಕು. ನಕಲಿನಲ್ಲಿ ತಪ್ಪಾದ ಅಕ್ಷರವನ್ನು ಹುಡುಕಿ ತಿದ್ದುವ ಪ್ರೋಟೀನುಗಳಲ್ಲಿ ನಾಲ್ಕು ಮುಖ್ಯ: ಎಂ.ಎಲ್.ಎಚ್.1, ಎಂ.ಎಸ್.ಎಚ್.2, ಎಂ.ಎಸ್.ಎಚ್.6 ಮತ್ತು ಪಿ.ಎಂ.ಎಸ್.2. ಇವುಗಳಲ್ಲಿ ಒಂದು ಇಲ್ಲದಿದ್ದರೂ ತಪ್ಪುಗಳು ತಿದ್ದದೆ ಉಳಿದು ಬಹುಬೇಗ ಕೂಡುತ್ತವೆ. ಹತ್ತು ವರ್ಷದ ದಾರಿ ಎರಡು ಮೂರು ವರ್ಷಗಳಲ್ಲಿ ಮುಗಿಯಬಹುದು.

ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಹದಿನೈದರಲ್ಲಿ ಈ ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ಅವುಗಳಲ್ಲಿ ವಂಶದಿಂದ ಬಂದವು ಕಡಿಮೆ, ನೂರರಲ್ಲಿ ಸುಮಾರು ಮೂರು. ಉಳಿದವುಗಳಲ್ಲಿ ಹೆಚ್ಚಿನವು ಮೇಲೆ ಹೇಳಿದ ‘ಸುಣ್ಣ ಬಳಿದ ಶಾಸನ’ದ ಬಗೆ. ಎಂ.ಎಲ್.ಎಚ್.1 ಜೀನಿನ ಅಕ್ಷರವೆಲ್ಲ ಸರಿಯಿದ್ದರೂ ಅದರ ಮೇಲೆ ರಾಸಾಯನಿಕ ಮುಸುಕು ಬಿದ್ದು ಪ್ರೋಟೀನು ತಯಾರಾಗುವುದೇ ನಿಂತಿರುತ್ತದೆ.

ಇದನ್ನು ತಿಳಿದು ಉಪಯೋಗವೇನು ಎಂದು ಓದುಗರು ಕೇಳಬಹುದು. ಇಲ್ಲಿಯೇ ಆಶ್ಚರ್ಯವಿರುವುದು. ತಪ್ಪುಗಳಿಂದ ತುಂಬಿದ ಇಂಥ ಗಡ್ಡೆ ದೇಹದ ರಕ್ಷಣಾ ಪಡೆಗೆ ಸುಲಭವಾಗಿ ‘ಪರಕೀಯ’ವೆಂದು ಕಾಣುತ್ತದೆ. ಆ ಪಡೆಯ ಕೈಗೆ ಬಿದ್ದಿರುವ ಬೇಡಿಯನ್ನು ಬಿಚ್ಚುವ ಔಷಧಗಳು ಇಂಥ ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು 2015ರಲ್ಲಿ ತಿಳಿದುಬಂತು. 2022ರಲ್ಲಿ ನ್ಯೂಯಾರ್ಕಿನ ವೈದ್ಯರು ತಿದ್ದುವ ಪ್ರೋಟೀನು ಇಲ್ಲದ ಗುದನಾಳದ ಕ್ಯಾನ್ಸರಿನ ಹನ್ನೆರಡು ರೋಗಿಗಳಿಗೆ ಅಂಥ ಒಂದೇ ಔಷಧ ಕೊಟ್ಟಾಗ ಹನ್ನೆರಡೂ ಜನರಲ್ಲಿ ಗಡ್ಡೆ ಕಾಣದಂತಾಯಿತು. ಔಷಧ ದುಬಾರಿ, ರೋಗಿಗಳ ಸಂಖ್ಯೆ ಚಿಕ್ಕದು ಎಂಬುದು ನಿಜ. ಆದರೂ ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ ಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು. ಮನೆಯಲ್ಲಿ ಮತ್ತಾರಿಗೆ ಅಪಾಯವಿದೆ ಎಂಬ ಸುಳಿವನ್ನೂ ಕೊಡಬಲ್ಲದು.

ಹುನಗುಂದದ ಜೋಳ

ನಮ್ಮಲ್ಲಿ ಈ ರೋಗ ಕಡಿಮೆ ಇರುವುದೇಕೆ? ಐರ್ಲೆಂಡಿನಲ್ಲಿ ಹುಟ್ಟಿ ಉಗಾಂಡದಲ್ಲಿ ಸೇವೆ ಮಾಡಿದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1971ರಲ್ಲಿ ಒಂದು ವಾದ ಮಂಡಿಸಿದರು. ನಾರಿನಂಶ ಹೆಚ್ಚಿರುವ ಆಹಾರ ಉಣ್ಣುವ ಆಫ್ರಿಕದ ಹಳ್ಳಿಗರಲ್ಲಿ ಮಲ ಬೇಗ ಸಾಗುತ್ತದೆ, ಕರುಳಿನ ಕ್ಯಾನ್ಸರ್ ಅಪರೂಪ ಎಂಬುದು ಅವರ ಮಾತು. ಆಮೇಲಿನ ಅಧ್ಯಯನಗಳೆಲ್ಲ ಈ ವಾದವನ್ನು ಒಂದೇ ದನಿಯಲ್ಲಿ ಒಪ್ಪಲಿಲ್ಲ. ಆದರೂ ಯುರೋಪಿನ ಹತ್ತು ದೇಶಗಳ ದೊಡ್ಡ ಅಧ್ಯಯನ 2003ರಲ್ಲಿ ನಾರಿನ ಪರವಾಗಿಯೇ ನಿಂತಿತು. ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುಳಿಯಿಸಿದಾಗ ಹುಟ್ಟುವ ಬ್ಯುಟಿರೇಟ್ ಎಂಬ ವಸ್ತು ಕರುಳಿನ ಕೋಶಗಳಿಗೆ ಆಹಾರವೂ ಹೌದು, ಯಾವ ಜೀನು ಓದಲ್ಪಡಬೇಕು ಎಂಬುದರ ಮೇಲೆ ಪ್ರಭಾವ ಬೀರುವ ವಸ್ತುವೂ ಹೌದು. ಊಟದ ತಾಟಿಗೂ ಪ್ರೋಟೀನಿನ ಅಭಿವ್ಯಕ್ತಿಗೂ ನಂಟಿದೆ ಎಂದಾಯಿತು.

ಹುನಗುಂದದ ಎರೆಹೊಲದ ಬಿಳಿಜೋಳ ಈ ಮಾತಿಗೆ ಹೇಳಿ ಮಾಡಿಸಿದಂತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ರೊಟ್ಟಿಯ ಜೊತೆಗೆ ಮಡಕಿಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತೆಸೊಪ್ಪು ಇದ್ದರೆ ಬರ್ಕಿಟ್ ಸಾಹೇಬರು ಸಂತೋಷದಿಂದ ಪಂಕ್ತಿಗೆ ಕೂಡುತ್ತಿದ್ದರೇನೋ! ಅಮೀನಗಡದ ಕರದಂಟನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ರೊಟ್ಟಿ ಬಿಟ್ಟು ಬೇಕರಿಗೆ, ನಡಿಗೆ ಬಿಟ್ಟು ಕುರ್ಚಿಗೆ ಅಂಟಿಕೊಂಡದ್ದೇ ಚಿಂತೆಯ ಮಾತು. ಬೊಜ್ಜು, ಮದ್ಯ, ಧೂಮಪಾನ ಈ ರೋಗವನ್ನು ಹೆಚ್ಚಿಸುತ್ತವೆ ಎಂಬುದು ಖಚಿತವಾಗಿದೆ. ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹಾಗೆಯೇ ಜೋಳದ ರೊಟ್ಟಿ ಉಂಡವರಿಗೆ ಈ ರೋಗ ಬರುವುದೇ ಇಲ್ಲ ಎಂಬ ಭ್ರಮೆಯೂ ಬೇಡ. ರೊಟ್ಟಿ ರಕ್ಷಣೆ ಕೊಡಬಹುದು, ಆದರೆ ಜಾಮೀನು ಕೊಡುವುದಿಲ್ಲ.

ಬಾಯಿ ಬಿಟ್ಟು ಹೇಳಬೇಕಾದ ಮಾತು

ಪಾಲಿಪ್ ಹಂತದಲ್ಲಿಯೇ ಗಂಟನ್ನು ತೆಗೆದುಬಿಟ್ಟರೆ? 1969ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯಾ ಎಂಬ ವೈದ್ಯರು ಬಾಗುವ ನಳಿಕೆಯನ್ನು ಕರುಳಿನೊಳಗೆ ಹಾಯಿಸಿ ಹೊಟ್ಟೆ ಕೊಯ್ಯದೆಯೇ ಪಾಲಿಪ್ ತೆಗೆದರು. ಇದೇ ಕೊಲೊನೊಸ್ಕೊಪಿ. ಹೀಗೆ ಪಾಲಿಪ್ ತೆಗೆಸಿಕೊಂಡ 1,418 ಜನರನ್ನು ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಅವರಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇಕಡಾ 76ರಿಂದ 90ರಷ್ಟು ಕಡಿಮೆಯಾಗಿತ್ತು. ಕ್ಯಾನ್ಸರ್ ಆದ ಮೇಲೂ ಕರುಳಿನ ಗೋಡೆಯೊಳಗೆ ಇದ್ದಾಗಲೇ ಸಿಕ್ಕರೆ ಅಮೆರಿಕದ ಅಂಕಿಅಂಶದಂತೆ ಹತ್ತರಲ್ಲಿ ಒಂಬತ್ತು ರೋಗಿಗಳು ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಐದು ವರ್ಷ ದಾಟುವವರು ಏಳರಲ್ಲಿ ಒಬ್ಬರು.

ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ನಡೆಸುವ ತಪಾಸಣೆ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರುಗಳದ್ದು. ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಇಲ್ಲಿ ಮೊದಲ ತಪಾಸಣೆ ನಡೆಯಬೇಕಾದುದು ರೋಗಿಯ ಮನಸ್ಸಿನಲ್ಲಿಯೇ. ಮನೆಗಳಲ್ಲಿ ಶೌಚಾಲಯ ಇಲ್ಲದ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ನಸುಕಿನಲ್ಲಿ ಇಲ್ಲವೇ ಕತ್ತಲಾದ ಮೇಲೆ ಬಯಲಕಡೆ ಹೋಗುತ್ತಿದ್ದರು. ರಕ್ತ ಹೋದರೂ ಕಣ್ಣಿಗೆ ಬೀಳುವುದು ಕಷ್ಟವಿತ್ತು. ಈಗ ಬಹಳಷ್ಟು ಮನೆಗಳಿಗೆ ಶೌಚಾಲಯ ಬಂದಿದೆ. ಕಂಡದ್ದನ್ನು ಹೇಳುವ ಧೈರ್ಯ ಮಾತ್ರ ಇನ್ನೂ ಬರಬೇಕಾಗಿದೆ.

ಎರಡು ಮೂರು ವಾರ ಕಳೆದರೂ ನಿಲ್ಲದ ರಕ್ತ, ಮಲದ ರೂಢಿಯಲ್ಲಿ ಹೊಸದಾಗಿ ಕಂಡ ಬದಲಾವಣೆ, ಹೋಗಿ ಬಂದರೂ ಇನ್ನೂ ಉಳಿದಿದೆ ಎನ್ನಿಸುವುದು, ಕಾರಣವಿಲ್ಲದೆ ತೂಕ ಇಳಿಯುವುದು ಇವು ವೈದ್ಯರಿಗೆ ಹೇಳಲೇಬೇಕಾದ ಲಕ್ಷಣಗಳು. ಕರುಳಿನ ಬಲಭಾಗದ ಗಡ್ಡೆ ಕಣ್ಣಿಗೆ ಕಾಣದಂತೆ ಹನಿಹನಿಯಾಗಿ ರಕ್ತ ಸೋರಿಸುತ್ತದೆ. ವಯಸ್ಸಾದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಾರಣ ತಿಳಿಯದೆ ರಕ್ತ ಕಡಿಮೆಯಾದರೆ ಕಬ್ಬಿಣದ ಗುಳಿಗೆ ನುಂಗಿ ಸುಮ್ಮನಾಗಬಾರದು. ತಂದೆ ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ನಲವತ್ತನೆಯ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಮಲದಲ್ಲಿ ಅಡಗಿದ ರಕ್ತವನ್ನು ಪತ್ತೆ ಮಾಡುವ ಸರಳ ಪರೀಕ್ಷೆಯೂ ಇದೆ. ಅದು ಹುಡುಕುವುದೂ ಒಂದು ಪ್ರೋಟೀನನ್ನೇ, ರಕ್ತದ ಹಿಮೋಗ್ಲೋಬಿನ್ನನ್ನು.

ಒಂದು ಕಾಲಕ್ಕೆ ಈ ಭಾಗದ ರೋಗಿಗೆ ದೊಡ್ಡಾಸ್ಪತ್ರೆ ಎಂದರೆ ದೂರದ ಊರೇ. ಇಂದು ಚಿತ್ರ ಬದಲಾಗಿದೆ. ವಿಜಯಪುರದಲ್ಲಿ 1986ರಲ್ಲಿ ವೈದ್ಯಕೀಯ ಕಾಲೇಜು ಬಂತು. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ 2002ರಲ್ಲಿ ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಅದರೊಂದಿಗೆ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರಿಗೆಂದೇ ಮೀಸಲಾದ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ದಾರಿ ಹತ್ತಿರವಾಗಿದೆ. ಹೊಸ್ತಿಲು ದಾಟುವುದಷ್ಟೇ ಬಾಕಿ.

ಬಟ್ಟೆಯ ಬಣ್ಣದಿಂದ ಆರಂಭವಾದ ನೂರೈವತ್ತು ವರ್ಷಗಳ ಹುಡುಕಾಟ ಕರುಳಿನ ಕತ್ತಲೆಯಲ್ಲಿ ಯಾವ ಪ್ರೋಟೀನು ಇದೆ, ಯಾವುದು ಇಲ್ಲ ಎಂದು ತೋರಿಸುವಷ್ಟು ಮುಂದೆ ಬಂದಿದೆ. ಆದರೆ ಎಂಥ ಬಣ್ಣವೂ ಪ್ರಯೋಗಶಾಲೆಗೆ ಬಾರದ ಅಂಗಾಂಶದ ಮೇಲೆ ಮೂಡಲಾರದು. ಮಿಷಿಗನ್ನಿನ ಆ ಹೊಲಿಗೆಯವಳು ತನ್ನ ಅಂಜಿಕೆಯನ್ನು ಬಾಯಿಬಿಟ್ಟು ಹೇಳಿದಳು, ಕೇಳಿಸಿಕೊಳ್ಳುವ ವೈದ್ಯರೊಬ್ಬರು ಸಿಕ್ಕರು. ವಿಜ್ಞಾನ ಅಲ್ಲಿಂದಲೇ ಹೆಜ್ಜೆ ಹಾಕಿತು. ನಮ್ಮ ಮನೆಗಳಲ್ಲಿಯೂ ಹಿರಿಯರೊಬ್ಬರು ತಡವರಿಸುತ್ತ ‘ಯಾಕೋ ರಕ್ತ ಹೋಗಾಕತ್ತೈತಿ’ ಎಂದಾಗ, ‘ಉಷ್ಣ ಬಿಡು’ ಎಂದು ಮಾತು ಮುಗಿಸದೆ ‘ನಾಳೆ ದವಾಖಾನಿಗಿ ಹೋಗೂಣ’ ಎನ್ನುವವರು ಬೇಕಾಗಿದ್ದಾರೆ.